ಹಾಕಿದ್ದನೋ ಇಲ್ಲವೋ

ಬಚ್ಚಲಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮೇಸ್ತ್ರಿಯ ಹೆಂಡತಿ ತನ್ನ ತಮ್ಮನ ಕಣ್ಣನ್ನು ತೊಳೆಯುತ್ತಿದ್ದಳು. ವಾರಕ್ಕೊಮ್ಮೆ ತೊಳೆದರೆ ಸಾಕು ಎಂದು ಡಾಕ್ಟರು ಹೇಳಿದ್ದರು. ತೊಳೆದು ಮೂರು ದಿನವೂ ಆಗಿರಲಿಲ್ಲ. ಆದರೆ ಇವತ್ತು ಅವನು ಅಷ್ಟು ಜನರ ಮುಂದೆ ನಿಲ್ಲಬೇಕಲ್ಲ ಎಂದು ಅವಳು ಎದ್ದವಳೇ ನೀರು ಬಿಸಿಗಿಟ್ಟಿದ್ದಳು. ತಮ್ಮ ಮುಕ್ಕಾಲಿಯ ಮೇಲೆ ಕೂತು ಖಾಲಿ ರೆಪ್ಪೆಯನ್ನು ಕರವಸ್ತ್ರದಿಂದ ಒತ್ತಿಕೊಂಡಿದ್ದ. ಗಾಜಿನ ಕಣ್ಣು ಅಕ್ಕನ ಅಂಗೈಯಲ್ಲಿ ಸೋಪಿನ ನೊರೆಯ ನಡುವೆ ಅಂಗಾತ ಮಲಗಿತ್ತು. ಹಲ್ಲುಜ್ಜಲು ಸರದಿ ಕಾಯುತ್ತ ಹೊರಗೆ ನಿಂತಿದ್ದ ಮೇಸ್ತ್ರಿಗೆ ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಗಾಜು ಯಾರನ್ನೂ ನೋಡುವುದಿಲ್ಲ ಎಂದು ಗೊತ್ತಿದ್ದೂ ಗೋಡೆಯ ಮರೆಗೆ ಒಂದು ಹೆಜ್ಜೆ ಸರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಈ ಮನುಷ್ಯ ಒಂದು ವರ್ಷದಿಂದ ಹೆಗಲ ಮೇಲಿನ ಕೈ ತೆಗೆದೇ ಇರಲಿಲ್ಲ.

"ಅಕ್ಕ, ಮೊದ್ಲು ಮೋರಿ ಮುಚ್ಚು. ಜಾರಿ ಬಿದ್ರೆ ಇರೋ ಒಂದು ಕಣ್ಣಲ್ಲಿ ಇನ್ನೊಂದನ್ನ ಹುಡುಕೋದು ನನ್ನ ಕೈಲಾಗಲ್ಲ" ಎಂದ ತಮ್ಮ. ಅಕ್ಕ ನಕ್ಕಳು. ಮೇಸ್ತ್ರಿಯೂ ಹೊರಗಿನಿಂದಲೇ ನಕ್ಕ, ನಗದಿದ್ದರೆ ಏನಾದರೂ ಅಂದುಕೊಂಡಾರು ಎಂದು. ನಕ್ಕ ಸದ್ದು ಕೇಳಿ ತಮ್ಮ ಕತ್ತು ಹೊರಳಿಸಿದ.

"ಭಾವ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

ಯಾವ ಮಾತೆಂದು ಮೇಸ್ತ್ರಿಗೆ ಗೊತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಶುರುವಾದ ಪ್ರಶ್ನೆ ಅದು. ಆಮೇಲೆ ಊಟದ ನಡುವೆ, ಬಸ್ಸಿಗೆ ಕಾಯುವಾಗ, ಒಮ್ಮೆ ಯಾರದೋ ಮದುವೆಯಲ್ಲಿ ಕೈ ತೊಳೆಯುತ್ತಿದ್ದಾಗ, ಹೀಗೆ ಹೊತ್ತು ಗೊತ್ತಿಲ್ಲದೆ ಬಂದು ಎದೆಗೆ ಒದೆಯುತ್ತಿತ್ತು.

"ಆ ದಿನ ನಾನು ಕನ್ನಡಕ ಹಾಕಿದ್ನಾ?"

"ಎಷ್ಟು ಸಲ ಹೇಳ್ಬೇಕೋ ನಿಂಗೆ? ಇಲ್ಲ."

"ಅಲ್ಲ, ಟೀ ಕುಡಿಯೋವಾಗ್ಲೂ ಹಣೆ ಮೇಲೆ ಏರಿಸ್ಕೊಂಡೇ ಇರ್ತಿದ್ದೋನು ನಾನು. ಅವತ್ತೊಂದಿನ ಹೆಂಗೆ ಬಿಟ್ಟೆ ಅಂತ."

"ಬಿಟ್ಟಿದ್ದೆ. ನಾನೇ ನೋಡಿದೀನಲ್ಲ."

"ಹಂಗಾದ್ರೆ ಸರಿ. ನೀವು ನೋಡಿದೀರಿ ಅಂದ್ಮೇಲೆ ಮುಗೀತು. ಧೈರ್ಯವಾಗಿ ಹೇಳ್ಬಿಡ್ತೀನಿ" ಎಂದು ಅವನು ಮುಖವನ್ನು ಅಕ್ಕನ ಕಡೆ ಎತ್ತಿದ. ಅವಳು ಎಡಗಣ್ಣಿನ ರೆಪ್ಪೆಯನ್ನು ಬಿಡಿಸಿ, ಕಣ್ಣನ್ನು ಅದರ ಜಾಗದಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಒಮ್ಮೆ ಮೆಲ್ಲಗೆ ಒತ್ತಿದಳು.

ಈ ತಮ್ಮನಿಗೆ ಷೆಡ್ಡಿನಲ್ಲಿ ಜೋಪಾನ ಎಂದು ಹೆಸರು. ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಟಕಟೆ ಮಾಡುವ ಆ ಉದ್ದನೆಯ ತಗಡಿನ ಷೆಡ್ಡಿಗೆ ಐದು ವರ್ಷದ ಹಿಂದೆ ಅವನನ್ನು ಸೇರಿಸಿದ್ದು ಮೇಸ್ತ್ರಿಯೇ. ಸೇರಿದ ಮೊದಲ ವಾರವೇ ಅವನು ಪ್ಲಗ್ಗಿನ ವೈರು ಸವೆದಿದೆ ಎಂದು ಒಂದು ಮಷಿನ್ನನ್ನು ಮೂಲೆಗಿಟ್ಟ. ತೋಳಿನ ಗುಂಡಿ ಹಾಕಿಕೊಳ್ಳದೆ ಯಾರಾದರೂ ಕಬ್ಬಿಣ ಕೊಯ್ಯುವ ಕೈ ಗ್ರೈಂಡರ್ ಎತ್ತಿದರೆ ಹೋಗಿ ತಾನೇ ಗುಂಡಿ ಹಾಕುತ್ತಿದ್ದ, ಶಾಲೆಗೆ ಹೊರಟ ಮಕ್ಕಳಿಗೆ ತಾಯಿ ಹಾಕಿದ ಹಾಗೆ. ಕಿಡಿ ಯಾವ ಕಡೆ ಹಾರುತ್ತದೆಂದು ನೋಡಿ ಆ ಕಡೆ ಇದ್ದವರನ್ನೆಲ್ಲ ಎಬ್ಬಿಸುತ್ತಿದ್ದ. ಕಿಡಿ ತಡೆಯುವ ಪ್ಲಾಸ್ಟಿಕ್ಕಿನ ಕನ್ನಡಕವಂತೂ ಅವನ ಮುಖ ಬಿಟ್ಟು ಇಳಿಯುತ್ತಿರಲಿಲ್ಲ. ಒಬ್ಬೊಬ್ಬರಿಗೂ "ಜೋಪಾನ, ಜೋಪಾನ" ಅನ್ನುತ್ತ ಓಡಾಡಿ, ಕೊನೆಗೆ ಅದೇ ಅವನ ಹೆಸರಾಯಿತು. ಕಣ್ಣು ಹೋದ ಮೇಲೆ ಅದೇ ಹೆಸರು ನಗೆಪಾಟಲಾಯಿತು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಲಾರಿಗಳ ನಂಬರು ಬರೆದುಕೊಳ್ಳುವ ಅವನ ಮುಂದೆ ಹಾಯುವಾಗ ವೆಲ್ಡರು ದಿನಾ ಹೇಳುತ್ತಾನೆ: "ಜೋಪಾನ, ಪೆನ್ನು ಚುಚ್ಚೀತು." ಮೇಸ್ತ್ರಿ ಅದನ್ನು ದಿನಾ ಕೇಳಿಸಿಕೊಳ್ಳುತ್ತಾನೆ. ಅವನನ್ನು ಗದರಿಸಬೇಕು ಎಂದು ದಿನಾ ಅಂದುಕೊಳ್ಳುತ್ತಾನೆ.

ಹೋದ ವಾರ ಜೋಪಾನ ಮ್ಯಾನೇಜರ ಕೋಣೆಗೆ ಹೋಗಿ, ನನಗೆ ಸರಳು ಕೊಯ್ಯುವ ಬೆಂಚಿನ ಕೆಲಸ ವಾಪಸ್ಸು ಕೊಡಿ ಎಂದು ಕೇಳಿದ್ದ. ಒಂದು ಕಣ್ಣಿನಲ್ಲಿ ಅಳತೆ ಕಲಿತಿದ್ದೇನೆ, ಮನೆಯಲ್ಲಿ ದಿನಾ ಸೂಜಿಗೆ ದಾರ ಪೋಣಿಸಿ ಪೋಣಿಸಿ ಅಭ್ಯಾಸ ಮಾಡಿದ್ದೇನೆ, ಪರೀಕ್ಷೆ ಮಾಡಿ ನೋಡಿ ಎಂದಿದ್ದ. ಮ್ಯಾನೇಜರು ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಕೊಡೋಣ. ಆದ್ರೆ ಬುಧವಾರ ಸುರಕ್ಷತೆ ಪಾಠಕ್ಕೆ ಮೇಲಿನ ಆಫೀಸಿನವರು ಬರ್ತಿದಾರೆ. ಎಲ್ಲರ ಮುಂದೆ ನಿಂತು, ತಪ್ಪು ನನ್ನದು, ಕನ್ನಡಕ ಹಾಕಿರ್ಲಿಲ್ಲ ಅಂತ ಒಂದು ಮಾತು ಹೇಳ್ಬಿಡು. ತಪ್ಪು ಗೊತ್ತಾದೋನ ಕೈಗೆ ಮಷಿನ್ ಕೊಡೋಕೆ ನಂಗೂ ಭಯ ಇಲ್ಲ" ಎಂದರು. ಪಕ್ಕದಲ್ಲೇ ನಿಂತಿದ್ದ ಮೇಸ್ತ್ರಿಯ ಕಡೆ ತಿರುಗಿ, "ನಿಮ್ಮ ಮನೆಯವನೇ ತಾನೇ, ಹೇಳ್ಕೊಡಿ" ಎಂದು ಕಣ್ಣು ಮಿಟುಕಿಸಿದರು. ಕಣ್ಣು ಕಳೆದುಕೊಂಡವನ ಎದುರಿಗೆ ಕಣ್ಣು ಮಿಟುಕಿಸಬಾರದು ಎನ್ನುವಷ್ಟು ಸೂಕ್ಷ್ಮ ಅವರಿಗೆ ಎಲ್ಲಿಂದ ಬರಬೇಕು? ಆದರೆ ಆ ಮಿಟುಕು ಬಿದ್ದದ್ದು ಜೋಪಾನನ ಕುರುಡು ಬದಿಗೆ. ಅಷ್ಟು ಲೆಕ್ಕ ಅವರಿಗೆ ಇತ್ತೋ ಏನೋ.

ಇಬ್ಬರೂ ನಡೆದುಕೊಂಡೇ ಷೆಡ್ಡಿಗೆ ಹೊರಟರು. ಜೋಪಾನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹೇಳಬೇಕಾದದ್ದನ್ನು ತುಟಿಯಲ್ಲೇ ಮಣಮಣ ಅನ್ನುತ್ತಿದ್ದ, ಪರೀಕ್ಷೆಗೆ ಹೋಗುವವನ ಹಾಗೆ. ಈಗ ಹೇಳಿಬಿಡಬಹುದು, ಈ ಔಷಧಿ ಅಂಗಡಿ ದಾಟುವುದರೊಳಗೆ ಹೇಳುತ್ತೇನೆ, ಎಂದುಕೊಂಡ ಮೇಸ್ತ್ರಿ. ಅಂಗಡಿ ದಾಟಿತು. ಆ ತಿರುವಿನಲ್ಲಿ. ತಿರುವಿನಲ್ಲಿ ಒಬ್ಬಳು ಕೈಗಾಡಿ ಅಡ್ಡ ತಂದಳು, ಇಬ್ಬರೂ ಬೇರೆ ಬೇರೆ ಬದಿಗೆ ಸರಿದರು, ಆ ನಿಮಿಷ ತಪ್ಪಿಹೋಯಿತು. ತಪ್ಪಿದ್ದಕ್ಕೆ ಅವಳ ಮೇಲೆ ಅವನಿಗೆ ಕೃತಜ್ಞತೆ ಉಕ್ಕಿತು. ಹೇಳುವುದಾದರೂ ಏನನ್ನು? ಮೂರೇ ಮಾತು: ನೀನು ಕನ್ನಡಕ ಹಾಕಿದ್ದೆ. ಈ ಮೂರು ಮಾತಿನ ಹಿಂದೆ ಮಿಕ್ಕದ್ದೆಲ್ಲ ತಾನಾಗಿ ಎಳೆದುಕೊಂಡು ಬರುತ್ತದೆ, ಬಾವಿಗೆ ಬಿಟ್ಟ ಹಗ್ಗದ ತುದಿಯಲ್ಲಿ ಕೊಡ ಬರುವ ಹಾಗೆ. ಕನ್ನಡಕ ಹಾಕಿದ್ದರೆ ತಪ್ಪು ಅವನದಲ್ಲ. ಅವನದಲ್ಲದಿದ್ದರೆ ಕಬ್ಬಿಣ ಕೊಯ್ಯುವ ಚಕ್ರದ್ದು, ವೀಲಿನದು. ವೀಲಿನದಾದರೆ ಅದನ್ನು ಹಾಕಿದವನದು, ಹಾಕುವುದಕ್ಕಾಗಿ ಅದಕ್ಕೆ ಮುಚ್ಚಿದ ತಗಡಿನ ಗಾರ್ಡು ಬಿಚ್ಚಿದವನದು.

ಆ ಉಪಾಯ ಹೊಳೆದ ದಿನ ಮೇಸ್ತ್ರಿ ಎಷ್ಟು ಹಿಗ್ಗಿದ್ದ. ಷೆಡ್ಡಿನಲ್ಲಿ ಎರಡು ಬಗೆಯ ಗ್ರೈಂಡರ್; ದಪ್ಪ ಕಬ್ಬಿಣಕ್ಕೆ ಏಳಿಂಚಿನದು, ಸಣ್ಣ ಕೆಲಸಕ್ಕೆ ಐದಿಂಚಿನದು. ದೊಡ್ಡದರ ಕಟಿಂಗ್ ವೀಲು ಅರ್ಧ ಸವೆದರೆ ಆ ಮಷಿನ್ನಿನಲ್ಲಿ ಕಬ್ಬಿಣಕ್ಕೆ ಎಟುಕುವುದಿಲ್ಲ, ಎಸೆಯಬೇಕು. ಎಸೆಯುವುದು ಯಾಕೆ? ಎರಡರ ತೂತಿನ ಅಳತೆಯೂ ಒಂದೇ. ಸಣ್ಣ ಮಷಿನ್ನಿನ ಗಾರ್ಡು ಬಿಚ್ಚಿದರೆ ಸವೆದ ದೊಡ್ಡ ವೀಲು ಸಲೀಸಾಗಿ ಕೂರುತ್ತದೆ. ಮ್ಯಾನೇಜರು ಎಲ್ಲರನ್ನೂ ಕರೆದು, "ನೋಡ್ರಪ್ಪ, ಕಸದಿಂದ ರಸ ತೆಗೆಯೋದು ಅಂದ್ರೆ ಇದು" ಎಂದು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಆವತ್ತು ಜೋಪಾನನೊಬ್ಬನೇ ವೀಲನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಚಿಕ್ಕ ಅಕ್ಷರ ಓದಿದ್ದ. "ಭಾವ, ಇದು ನಿಮಿಷಕ್ಕೆ ಎಂಟೂವರೆ ಸಾವಿರ ಸುತ್ತು ತಡೆಯತ್ತೆ ಅಂತ ಬರೆದಿದೆ. ಸಣ್ಣ ಮಷಿನ್ ಹನ್ನೊಂದು ಸಾವಿರ ತಿರುಗತ್ತೆ. ಸಿಡಿಯಲ್ವಾ?" ಎಂದಿದ್ದ. ಬೆನ್ನಿನ ಮೇಲೆ ಮ್ಯಾನೇಜರ ಕೈ ಇನ್ನೂ ಬೆಚ್ಚಗಿತ್ತು. "ನೀನು ಓದ್ತಾ ಕೂತಿರು, ನಾವು ಕೆಲಸ ಮಾಡ್ತೀವಿ" ಎಂದು ಮೇಸ್ತ್ರಿ ನಗಿಸಿದ. ಎಲ್ಲರೂ ನಕ್ಕರು. ಜೋಪಾನ ಕೂಡ ನಕ್ಕು, ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಎಳೆದುಕೊಂಡು, "ಆಗ್ಲಿ ಭಾವ, ನೀವು ಹೇಳಿದ್ಮೇಲೆ" ಎಂದಿದ್ದ.

ಸಿಡಿದದ್ದು ಅದಾದ ಎರಡು ತಿಂಗಳಿಗೆ, ಎಲ್ಲರೂ ಊಟಕ್ಕೆ ಎದ್ದಿದ್ದ ಹೊತ್ತಿನಲ್ಲಿ. ಒಂದು ಗೇಟು ಸಂಜೆಯೊಳಗೆ ಹೋಗಬೇಕಿತ್ತು. ಮೇಸ್ತ್ರಿ ತಾನೇ ಗಾರ್ಡು ಬಿಚ್ಚಿ, ಸವೆದ ವೀಲು ಬಿಗಿದು, ಮಷಿನ್ನನ್ನು ಅವನ ಕೈಗೆ ಕೊಟ್ಟಿದ್ದ. ಟಪ್ ಎಂಬ ಸದ್ದು, ದೊಡ್ಡದೇನೂ ಅಲ್ಲ. ಓಡಿಹೋಗಿ ಎತ್ತಿದಾಗ ಬಿಳಿ ಕನ್ನಡಕ ಮುಖಕ್ಕೆ ಅಂಟಿಕೊಂಡಿತ್ತು, ಎಡಗಡೆಯ ಪ್ಲಾಸ್ಟಿಕ್ಕು ಒಡೆದು ಒಳಗೆ ಹೊಕ್ಕಿತ್ತು. ಅದನ್ನು ಕಿತ್ತದ್ದು ಗಾಬರಿಯಲ್ಲಿ. ಅದಕ್ಕೆ ಅವನನ್ನು ಬೈಯಲಾಗದು. ಕಿತ್ತದ್ದನ್ನು ಜೇಬಿಗೆ ಹಾಕಿಕೊಂಡದ್ದು ಗಾಬರಿಯಲ್ಲಿ ಅಲ್ಲ. ವೆಲ್ಡರು, ಬಣ್ಣ ಹೊಡೆಯುವವನು ಓಡಿಬಂದು ಜೋಪಾನನನ್ನು ಹೊತ್ತು ಹೊರಗೆ ಗಾಡಿಯ ಹತ್ತಿರ ನಡೆದರು. ಹೊರಗಿನಿಂದ "ಭಾವಾ, ಭಾವಾ" ಎಂಬ ಕೂಗು ಒಂದೇ ಸಮನೆ ಬರುತ್ತಿತ್ತು. ಮೇಸ್ತ್ರಿ ಒಳಗಿದ್ದ. ಮೊದಲು ಪ್ಲಗ್ಗು ಕಿತ್ತ. ವೀಲು ಬದಲಿಸುವ ಮುಂಚೆ ಪ್ಲಗ್ಗು ಕೀಳಬೇಕು, ಆ ಹೊತ್ತಿನಲ್ಲೂ ಅವನು ಆ ನಿಯಮ ತಪ್ಪಲಿಲ್ಲ. ಪಾನಾ ಹಿಡಿದು ಮುರಿದ ವೀಲು ಬಿಚ್ಚಿದ. ಕಸದ ಡಬ್ಬದಲ್ಲಿದ್ದ, ಸರಿಯಾದ ಅಳತೆಯ, ಅಂಚು ಮುರಿದ ಹಳೆಯ ವೀಲೊಂದನ್ನು ಹುಡುಕಿ ಕೂರಿಸಿದ. ಗಾರ್ಡು ಬಿಗಿದ. ನೆಲ ಗುಡಿಸಿದ. ಆಮೇಲೆ "ಬಂದೆ, ಬಂದೆ ಕಣೋ" ಎನ್ನುತ್ತ ಹೊರಗೆ ಓಡಿದ. ಐದು ನಿಮಿಷ ಹಿಡಿದಿರಬಹುದು. ಡಾಕ್ಟರು ಆಮೇಲೆ, ಬೇಗ ತಂದಿದ್ದರೂ ಕಣ್ಣು ಉಳಿಯುತ್ತಿರಲಿಲ್ಲ ಎಂದರು. ಆ ಮಾತನ್ನು ಅವನು ಮಾತ್ರೆ ನುಂಗುವ ಹಾಗೆ ದಿನಾ ರಾತ್ರಿ ನುಂಗಿ ಮಲಗುತ್ತಾನೆ.

ಜೋಪಾನನಿಗೆ ಬೆಳಗಿನ ಟೀ ನೆನಪಿತ್ತು, ಆಸ್ಪತ್ರೆಯ ಫ್ಯಾನು ನೆನಪಿತ್ತು, ನಡುವಿನದು ಅಳಿಸಿಹೋಗಿತ್ತು. ಪೆಟ್ಟು ಬಿದ್ದಾಗ ಹಾಗಾಗುತ್ತದಂತೆ. ಆ ಖಾಲಿ ಜಾಗ ಮೇಸ್ತ್ರಿಯ ಪಾಲಿಗೆ ಬಂತು. ವಿಚಾರಣೆಗೆ ಬಂದವರು ಎರಡು ನಿಮಿಷ ಮಷಿನ್ನು ನೋಡಿ, ವೀಲು ಓರೆ ಹಿಡಿದದ್ದರಿಂದ ಮುರಿದಿದೆ, ಕನ್ನಡಕ ಇದ್ದಿದ್ದರೆ ಕಣ್ಣು ಉಳಿಯುತ್ತಿತ್ತು ಎಂದು ಬರೆದುಕೊಂಡು, ಟೀ ಕುಡಿದು ಹೋದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ತಿಂಗಳಿಗೊಂದು ಸುರಕ್ಷತೆಯ ಪಾಠ ಶುರುವಾಯಿತು. ಪಾಠ ಹೇಳುವ ಕೆಲಸ ಮೇಸ್ತ್ರಿಗೇ ಬಂತು. ಜೊತೆಗೆ ಒಂದು ಕಿತ್ತಳೆ ಬಣ್ಣದ ಕೋಟು. ಅಳತೆಗಿಂತ ದೊಡ್ಡದಾದ ಆ ಕೋಟು ಹಾಕಿಕೊಂಡು ಅವನು ಕನ್ನಡಿಯ ಮುಂದೆ ಮೊದಲ ಸಲ ನಿಂತಾಗ ಹೆಂಡತಿ, "ಚೆನ್ನಾಗಿ ಹೇಳ್ಕೊಡಿ. ನನ್ನ ತಮ್ಮನಿಗಾದದ್ದು ಇನ್ಯಾರಿಗೂ ಆಗೋದು ಬೇಡ" ಎಂದಿದ್ದಳು.

ಹನ್ನೊಂದು ಗಂಟೆಗೆ ಮಷಿನ್ನುಗಳೆಲ್ಲ ನಿಂತವು. ಈ ಷೆಡ್ಡಿನವರು, ಕಂಪನಿಯದೇ ಪಕ್ಕದ ಷೆಡ್ಡಿನವರು, ಒಟ್ಟು ಅರವತ್ತು ಜನ ಸೇರಿದರು. ಮುಂದೆ ಮೂರು ಕುರ್ಚಿ, ಅವುಗಳಲ್ಲಿ ಮೇಲಿನ ಆಫೀಸಿನಿಂದ ಬಂದ ಇಬ್ಬರು, ನಡುವೆ ಮ್ಯಾನೇಜರು. ಮೇಸ್ತ್ರಿ ಮೈಕು ಹಿಡಿದು ಶುರುಮಾಡಿದ. ಪಾಠ ಅವನಿಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ ನಾಲಿಗೆ ತನ್ನ ಪಾಡಿಗೆ ತಾನು ಹೇಳುತ್ತಿತ್ತು, ಅವನು ದೂರದಲ್ಲೆಲ್ಲೋ ನಿಂತು ಕೇಳುತ್ತಿದ್ದ. ಮಷಿನ್ ಎತ್ತೋ ಮುಂಚೆ ವೈರು ನೋಡ್ಬೇಕು. ವೀಲು ಕೈಯಲ್ಲಿ ಹಿಡಿದು ಬಿರುಕಿದೆಯಾ ನೋಡ್ಬೇಕು. ವೀಲಿನ ಮೇಲೆ ಬರೆದಿರೋ ಸುತ್ತು ಮಷಿನ್ನಿನ ಸುತ್ತಿಗಿಂತ ಕಮ್ಮಿ ಇದ್ರೆ ಮುಟ್ಟಲೇಬಾರದು. ಗಾರ್ಡು ಬಿಚ್ಚಿದ ಮಷಿನ್ನು ಹೆಡೆ ಎತ್ತಿದ ಹಾವು. ಎರಡು ಕೈಯಲ್ಲೂ ಹಿಡೀಬೇಕು. ವೀಲಿನ ನೇರಕ್ಕೆ ಮುಖ ಇಡಬಾರದು. ಸ್ವಿಚ್ಚು ಆರಿಸಿದ ತಕ್ಷಣ ಕೆಳಗಿಡಬಾರದು, ತಿರುಗೋದು ಪೂರ್ತಿ ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ವೆಲ್ಡರು, "ಹೇಳೋದು ಶಾಸ್ತ್ರ, ಇಕ್ಕೋದು ಗಾಳ" ಎಂದು ಪಕ್ಕದವನ ಕಿವಿಯಲ್ಲಿ ಅಂದದ್ದು ಮೈಕಿನ ಈ ತುದಿಗೂ ಕೇಳಿಸಿತು. ಸವೆದ ವೀಲಿನ ವಿಷಯ ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಎಲ್ಲರೂ ಹಾಕಿದವರೇ. ಆ ದಿನ ಹಾಕಿದ್ದು ಯಾವುದು ಎಂಬುದೊಂದು ಮಾತ್ರ ಗೊತ್ತಿರಲಿಲ್ಲ.

"ಈಗ ನಮ್ಮ ಜೋಪಾನ ಎರಡು ಮಾತು ಹೇಳ್ತಾನೆ" ಎಂದರು ಮ್ಯಾನೇಜರು. ಅವನು ಬಂದು ನಿಂತ. ಅಂಗಿಯ ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ನಿಲ್ಲಿಸಬೇಕು ಈಗ, ಮೈಕು ನನ್ನ ಕೈಯಲ್ಲೇ ಇದೆ, ಕೊಡದಿದ್ದರಾಯಿತು, ಎಂದು ಮೇಸ್ತ್ರಿ ಅಂದುಕೊಳ್ಳುತ್ತಿದ್ದಂತೆ ಅವನ ಕೈ ಮುಂದೆ ಚಾಚಿ ಮೈಕನ್ನು ಕೊಟ್ಟೇಬಿಟ್ಟಿತು.

"ಎಲ್ಲಾರ್ಗೂ ನಮಸ್ಕಾರ. ಎಲ್ಲಾರ್ಗೂ ಬುದ್ಧಿ ಹೇಳ್ತಿದ್ದೆ ನಾನು, ನಿಮಗೆ ಗೊತ್ತು. ಆ ದಿನ ಕನ್ನಡಕ ಹಾಕಿರ್ಲಿಲ್ಲ. ಸೆಖೆ ಇತ್ತು, ಬೆವರಿಗೆ ಮಂಜು ಹಿಡಿಯೋದು. ತೆಗೆದು ಆ ಕಿಟಕಿ ಪಕ್ಕದ ಮೊಳೆಗೆ ನೇತು ಹಾಕ್ದೆ. ಒಂದೇ ಒಂದು ಸರಳು ತಾನೇ, ಕೊಯ್ದುಬಿಡೋಣ ಅಂತ. ನೇತು ಹಾಕಿದ್ದು ನಂಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಳೆಗೆ ಸಿಕ್ಕಿಸಿ ತಿರುಗಿದೆ. ಅಷ್ಟೇ. ತಪ್ಪು ನನ್ನದು. ಬೇರೆ ಯಾರದೂ ಅಲ್ಲ. ನನ್ನ ಭಾವ ಪಕ್ಕದಲ್ಲೇ ಇದ್ದು ಎತ್ತಿಕೊಂಡಿದ್ದಕ್ಕೆ ಜೀವ ಉಳೀತು."

ಮೇಸ್ತ್ರಿ ಕಿಟಕಿಯ ಕಡೆ ನೋಡಿದ. ಅಲ್ಲಿ ಸಾಲಾಗಿ ಮೊಳೆಗಳಿದ್ದವು, ಒಂದೊಂದರಲ್ಲಿ ಒಂದೊಂದು ಕನ್ನಡಕ. ಆ ಮೊಳೆಗಳನ್ನು ಹೊಡೆದದ್ದು ಕಣ್ಣು ಹೋದ ಹದಿನೈದು ದಿನಕ್ಕೆ. ಮ್ಯಾನೇಜರು ಹೇಳಿ, ಮೇಸ್ತ್ರಿ ತನ್ನ ಕೈಯಾರೆ ಹೊಡೆದದ್ದು. ಆ ದಿನ ಆ ಗೋಡೆ ಬೋಳಾಗಿತ್ತು. ತಾನು ಕೊಟ್ಟ ಒಂದು ಸುಳ್ಳನ್ನು ಈ ಬಡಪಾಯಿ ಒಂದು ವರ್ಷ ಸಾಕಿ, ಅದಕ್ಕೆ ಸೆಖೆ, ಬೆವರು, ಮೊಳೆ ಎಲ್ಲ ಕೊಟ್ಟು ಬೆಳೆಸಿದ್ದಾನೆ. ಮೇಲಿನ ಆಫೀಸಿನವರಲ್ಲೊಬ್ಬ ತಲೆದೂಗುತ್ತಿದ್ದ. ಯಾರೋ ಚಪ್ಪಾಳೆ ಹೊಡೆದರು, ಮಿಕ್ಕವರು ಕೂಡಿಕೊಂಡರು. ಮೊದಲು ಹೊಡೆದವನು ತಾನೇ ಎಂದು ಮೇಸ್ತ್ರಿಗೆ ಅಂಗೈ ಉರಿದಾಗ ಗೊತ್ತಾಯಿತು.

ಮಧ್ಯಾಹ್ನವೇ ಜೋಪಾನನನ್ನು ಬೆಂಚಿಗೆ ಕರೆದರು. ಅವನು ಹೊಸ ಕನ್ನಡಕ ಆರಿಸಿ, ಒರೆಸಿ, ಹಾಕಿಕೊಂಡ. ವೈರು ನೋಡಿದ, ವೀಲಿನ ಅಕ್ಷರ ಓದಿದ, ಗಾರ್ಡನ್ನು ಅಲ್ಲಾಡಿಸಿ ನೋಡಿದ. "ಪಕ್ಕದಲ್ಲೇ ಇರಿ ಭಾವ" ಎಂದ. ಸ್ವಿಚ್ಚಿನ ಮೇಲೆ ಬೆರಳು ನಡುಗಿತು. ಒತ್ತಿದ ಮೇಲೆ ನಡುಗಲಿಲ್ಲ. ಸರಳು ಕೊಯ್ದು ಎರಡಾಯಿತು, ಕಿಡಿ ನೆಟ್ಟಗೆ ನೆಲಕ್ಕೆ ಹಾರಿತು. ಸ್ವಿಚ್ಚು ಆರಿಸಿ, ಎರಡು ಕೈಯಲ್ಲೂ ಹಿಡಿದುಕೊಂಡೇ, ವೀಲು ನಿಲ್ಲಲಿ ಎಂದು ಕಾಯುತ್ತ ನಿಂತ. ಅವನ ಮುಖದಲ್ಲಿ ಒಂದು ವರ್ಷದಿಂದ ಕಾಣದ ಗೆಲುವಿತ್ತು. ಆ ಗೆಲುವನ್ನು ನೋಡಲಾರದೆ ಮೇಸ್ತ್ರಿಯ ಬಾಯಿಂದ ಮಾತು ಬಿದ್ದೇಹೋಯಿತು.

"ನೀನು ಕನ್ನಡಕ ಹಾಕಿದ್ದೆ ಕಣೋ."

"ಏನು?"

"ಆ ದಿನ. ಹಾಕಿದ್ದೆ. ನಿನ್ನ ಮುಖದಿಂದ ನಾನೇ ಕಿತ್ತೆ. ಗಾರ್ಡು ನಾನೇ ಬಿಚ್ಚಿದ್ದೆ, ಸವೆದ ವೀಲು ನಾನೇ ಹಾಕಿದ್ದೆ. ಆಮೇಲೆ ಎಲ್ಲಾ ಬದಲಾಯಿಸಿಟ್ಟೆ. ನಿನ್ನ ತಪ್ಪು ಏನೂ ಇರ್ಲಿಲ್ಲ."

ವೀಲು ನಿಂತಿತು. ಜೋಪಾನ ಮಷಿನ್ನನ್ನು ಕೆಳಗಿಟ್ಟು, ಪ್ಲಗ್ಗು ಕಿತ್ತು, ಕನ್ನಡಕ ಹಣೆಗೆ ಏರಿಸಿ, ಅವನನ್ನು ದಿಟ್ಟಿಸಿದ. ಈಗ ಹೊಡೆಯುತ್ತಾನೆ, ಹೊಡೆಯಲಿ, ಎಂದು ಮೇಸ್ತ್ರಿ ಮುಖ ಕೊಟ್ಟು ನಿಂತ. ಜೋಪಾನನ ಒಳ್ಳೆಯ ಕಣ್ಣಿನಲ್ಲಿ ನೀರು ತುಂಬಿತು.

"ಭಾವ, ಸಾಕು. ಕಣ್ಣು ಹೋಗಿರೋದು, ಬುದ್ಧಿ ಹೋಗಿಲ್ಲ ನಂಗೆ. ಅಷ್ಟು ಜನರ ಮುಂದೆ ನಾನು ತಲೆ ತಗ್ಗಿಸಿದ್ದು ನಿಮಗೆ ಸಂಕಟ ಆಗಿದೆ, ಅದಕ್ಕೆ ನಿಮ್ಮ ಮೇಲೆ ಎಳೆದುಕೊಳ್ತಿದೀರಿ."

"ಸತ್ಯ ಹೇಳ್ತಿದೀನಿ ಕಣೋ. ಆ ಗೋಡೇಲಿ ಆಗ ಮೊಳೇನೇ ಇರ್ಲಿಲ್ಲ."

"ನಾನೇ ಸಿಕ್ಕಿಸಿದ ಮೊಳೆ ಇರ್ಲಿಲ್ಲ ಅಂದ್ರೆ ಹೆಂಗೆ? ಬೆಳಿಗ್ಗೆ ಕೂಡ ಇಲ್ಲ ಅಂದ್ರಲ್ಲ ನೀವೇ. ಆಗ ಸುಳ್ಳಾ, ಈಗ ಸುಳ್ಳಾ? ಸುಮ್ನಿರಿ ಭಾವ. ನಿಮ್ಮಂಥೋರು ಸಿಗಬೇಕು ಅಂದ್ರೆ ಪುಣ್ಯ ಮಾಡಿರ್ಬೇಕು" ಎಂದು ಅವನು ಮೇಸ್ತ್ರಿಯ ಬೆನ್ನು ತಟ್ಟಿದ. ವರ್ಷವಿಡೀ ಗಂಟಲಲ್ಲಿ ನುಂಗಲಾರದ ತುತ್ತಾಗಿದ್ದ ಸತ್ಯವನ್ನು ಕೊನೆಗೆ ಉಗುಳಿದರೆ, ಅದೂ ಅವನ ಒಳ್ಳೆಯತನದ ಖಾತೆಗೇ ಹೋಗಿ ಬಿತ್ತು. ಮೇಸ್ತ್ರಿಗೆ ಅಸಹ್ಯವಾಯಿತು. ಅದಕ್ಕಿಂತ ಅಸಹ್ಯ ಇನ್ನೊಂದು: ಎದೆಯ ಒಂದು ಮೂಲೆಯಲ್ಲಿ, ಸದ್ಯ ನಂಬಲಿಲ್ಲವಲ್ಲ ಎಂದು ಹಾಯೆನಿಸಿತ್ತು. ಹೇಳಿಯೂ ಆಯಿತು, ಉಳಿದೂ ಆಯಿತು.

ಸಂಜೆ ಮನೆಗೆ ಬಂದವನೇ ಜೋಪಾನ ಚಪ್ಪಲಿ ಬಿಡುವ ಮುಂಚೆ ಅಡುಗೆಮನೆಗೆ ಕೇಳುವ ಹಾಗೆ ಎಲ್ಲವನ್ನೂ ಹೇಳಿದ. ಬೆಂಚು ಸಿಕ್ಕಿತು, ಹದಿನಾಲ್ಕು ಸರಳು ಕೊಯ್ದೆ, ಒಂದೂ ಓರೆಯಾಗಲಿಲ್ಲ. "ಇನ್ನೊಂದು ಕೇಳಕ್ಕ. ನಿನ್ನ ಗಂಡ ಇದಾರಲ್ಲ, ದೇವರಂಥೋರು. ನನ್ನ ಸಮಾಧಾನಕ್ಕೆ ಅಂತ, ನೀನು ಕನ್ನಡಕ ಹಾಕಿದ್ದೆ, ಒಡೆದದ್ದನ್ನ ನಾನೇ ನಿನ್ನ ಮುಖದಿಂದ ಕಿತ್ತೆ, ತಪ್ಪೆಲ್ಲಾ ನಂದೇ ಅಂತ ಕತೆ ಕಟ್ಟಿದಾರೆ. ಸುಳ್ಳು ಹೇಳೋಕೂ ಬರಲ್ಲ ಪಾಪ, ಮುಖ ಬೆವರಿಹೋಗಿತ್ತು" ಎಂದು ನಗುತ್ತ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ.

ತರಕಾರಿ ಹೆಚ್ಚುತ್ತಿದ್ದ ಹೆಂಡತಿಯ ಕೈ ನಿಂತಿತು. ಬಚ್ಚಲಲ್ಲಿ ನೀರಿನ ಸದ್ದು ಶುರುವಾದ ಮೇಲೆ ಅವಳು ಗಂಡನ ಕಡೆ ತಿರುಗಿದಳು.

"ಆವತ್ತು ಆಸ್ಪತ್ರೇಲಿ ಡಾಕ್ಟರು ಇವನ ಹುಬ್ಬಿನೊಳಗಿಂದ ಮೂರು ಚೂರು ತೆಗೆದು ಬಟ್ಟಲಲ್ಲಿ ಹಾಕಿ ತೋರಿಸಿದ್ರು. ತೆಳ್ಳಗಿದ್ವು. ಬಿಳೀ ಪ್ಲಾಸ್ಟಿಕ್ಕು, ಆ ಕಡೆಯಿಂದ ಈ ಕಡೆ ಕಾಣೋ ಅಂಥದ್ದು. ಏನು ಇದು ಅಂತ ನಿಮ್ಮನ್ನ ಕೇಳ್ದೆ."

ಮೇಸ್ತ್ರಿ ಹೊಸ್ತಿಲ ಮೇಲೆ ನಿಂತಿದ್ದ. ಒಳಗೂ ಹೋಗಲಾರ, ಹೊರಗೂ ಹೋಗಲಾರ.

"ಷೆಡ್ಡು ಅಂದ್ಮೇಲೆ ನೂರೆಂಟು ಬಿದ್ದಿರತ್ತೆ ಅಂದ್ರಿ. ನಂಬ್ದೆ."

"ಹೂಂ."

"ಹೂಂ ಅಂದ್ರೆ?"

"ನಾನು ಅವನಿಗೆ ಹೇಳಿದ್ದು ನಿಜ. ನಾನೇ."

ಅವಳು ಕಿರುಚಲಿಲ್ಲ. ಕೈಯಲ್ಲಿದ್ದ ಚಾಕುವನ್ನು ಮಣೆಯ ಪಕ್ಕಕ್ಕೆ, ಅಲಗು ಒಳಗೆ ಮಾಡಿ, ಇಟ್ಟಳು. ಮುಖ ಬಿಳಿಚಿಕೊಂಡಿತ್ತು. ಹದಿನೆಂಟು ವರ್ಷ ಜೊತೆಗೆ ಮಲಗಿ ಎದ್ದ ಹೆಂಗಸು ಯಾರೋ ದಾರಿಹೋಕನನ್ನು ನೋಡುವ ಹಾಗೆ ಅವನನ್ನು ನೋಡಿದಳು. ಅವನಿಗೆ ಮೈಮೇಲೆ ಬಟ್ಟೆಯಿಲ್ಲದಂತೆ ನಾಚಿಕೆಯಾಯಿತು, ಆ ನಾಚಿಕೆಯಲ್ಲೇ ಬಡಬಡಿಸಿದ: "ಈಗ್ಲೇ ಹೇಳೋಣ. ನೀನೂ ಬಾ. ಆ ಚೂರಿನ ವಿಷಯ ನೀನು ಹೇಳಿದ್ರೆ ನಂಬ್ತಾನೆ. ಆಮೇಲೆ ಅವನು ಏನು ಮಾಡಿದ್ರೂ ಸರಿ. ನಾಳೆ ಮ್ಯಾನೇಜರ ಹತ್ರಾನೂ ಹೇಳ್ತೀನಿ. ನಂಗೆ ಇನ್ನು ಹೊರೋಕೆ ಆಗಲ್ಲ."

"ಬೇಡ" ಎಂದಳು.

"ಯಾಕೆ?"

"ಒಂದು ವರ್ಷ ಆದ್ಮೇಲೆ ಇವತ್ತು ಮಷಿನ್ ಹಿಡಿದಿದಾನೆ. ಏನು ನಂಬ್ಕೊಂಡು ಹಿಡಿದ? ಆವತ್ತು ಹಾಕಿರ್ಲಿಲ್ಲ, ಕಣ್ಣು ಹೋಯ್ತು. ಇವತ್ತು ಹಾಕಿದೀನಿ, ಏನೂ ಆಗಲ್ಲ, ಅಂತ. ಹಾಕಿದ್ರೂ ಹೋಯ್ತು, ಭಾವ ಅಂತ ನಂಬಿದೋನೇ ಕಣ್ಣು ಕಳೆದ ಅಂತ ಗೊತ್ತಾದ್ರೆ ನಾಳೆ ಯಾವ ಧೈರ್ಯದಲ್ಲಿ ಹಿಡೀತಾನೆ? ನಿಮಗೆ ಹಗುರ ಆಗ್ಬೇಕು ಅಂತ ಅವನ ಕೈ ನಡುಗಿಸ್ಬೇಡಿ." ಅವಳ ದನಿ ಒಮ್ಮೆ ಒಡೆಯಿತು, ಕೂಡಲೇ ಸರಿಮಾಡಿಕೊಂಡಳು. "ಹೊರಿ. ಹೊರೋಕಾಗಲ್ಲ ಅಂದ್ರೂ ಹೊರಿ. ನಾಳೆಯಿಂದ ದಿನಾ ಅವನ ಎಡಗಡೆ ನಿಂತು ಕೆಲಸ ಮಾಡಿ. ಆ ಕಡೆಯಿಂದ ಏನು ಬಂದ್ರೂ ಅವನಿಗೆ ಕಾಣಲ್ಲ."

"ಎಷ್ಟು ದಿನ?" ಎಂದ ಮೇಸ್ತ್ರಿ. ಕೇಳಿದ ಮೇಲೆ ಎಂಥ ಹೇಸಿಗೆ ಪ್ರಶ್ನೆ ಎಂದು ಹೊಳೆಯಿತು. ಅವಳು ಚಾಕು ಎತ್ತಿಕೊಂಡು ಮಿಕ್ಕ ತರಕಾರಿ ಹೆಚ್ಚತೊಡಗಿದಳು.

ಜೋಪಾನ ಸ್ನಾನ ಮಾಡಿ, ತಲೆ ಬಾಚಿಕೊಂಡು ಊಟಕ್ಕೆ ಬಂದ. ಮೇಸ್ತ್ರಿಯ ತಟ್ಟೆ ಯಾವಾಗಲೂ ಅವನ ಎದುರಿಗಿರುತ್ತಿತ್ತು. ಇವತ್ತು ಅವಳು ಅದನ್ನು ತಮ್ಮನ ತಟ್ಟೆಯ ಎಡಕ್ಕೆ, ಒತ್ತಿಕೊಂಡಂತೆ ಇಟ್ಟಿದ್ದಳು. ಮೇಸ್ತ್ರಿ ಹೋಗಿ ಅಲ್ಲಿ ಕೂತ. ಹಸಿವಿನಿಂದ ದೊಡ್ಡ ದೊಡ್ಡ ತುತ್ತು ಉಣ್ಣುತ್ತಿದ್ದ ಜೋಪಾನ ನೀರಿಗೆಂದು ಎಡಗೈ ಚಾಚಿದಾಗ ಮೊಣಕೈ ಮೇಸ್ತ್ರಿಯ ಪಕ್ಕೆಗೆ ಬಡಿಯಿತು.

"ಅಯ್ಯೋ, ಇಲ್ಲಿದೀರಾ ಭಾವ? ನೋಡ್ಲೇ ಇಲ್ಲ. ಎದುರಿಗೆ ಕೂತ್ಕೊಳ್ಳಿ, ಮುಖನಾದ್ರೂ ಕಾಣತ್ತೆ."

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳು ತಮ್ಮನಿಗೆ ಬಡಿಸುತ್ತಿದ್ದಳು.

"ಇರ್ಲಿ ಬಿಡು, ಇಲ್ಲೇ ಸರಿ" ಎಂದು ಅವನು ಲೋಟವನ್ನು ಜೋಪಾನನ ಕೈಗೆ ಸಿಗುವ ಹಾಗೆ ಸರಿಸಿದ.